ಒಡಿಯಂ ಹೊಲದ ‘ಶಂಖ’ಕ್ಕೆ ಹೆಸರು ಹುಡುಕಿದ್ದು

ಬೆಂಗಳೂರಿನಲ್ಲಿ ಯಾರಾದರೂ ಕಲ್ಲೊಂದನ್ನು ತಂದು ‘ಇದು ಪಳೆಯುಳಿಕೆಯಾ ನೋಡಿ’ ಎಂದರೆ ನಾವು ಕಲ್ಲು ನೋಡುವ ಮೊದಲು ಎಲ್ಲಿ ಸಿಕ್ಕಿತು ಅಂತ ಕೇಳುತ್ತೇವೆ. ‘ಮನೆ ಪಾಯ ತೋಡುವಾಗ’ ಎಂಬ ಉತ್ತರ ಬಂದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಈ ಊರಿನ ಬುಡದಲ್ಲಿರುವುದು ಪೆನಿನ್ಸುಲಾರ್ ನೈಸ್, ಅಂದರೆ ಲಾಲ್‌ಬಾಗಿನ ಬಂಡೆಯ ಜಾತಿಯ ಕಲ್ಲು. 250ರಿಂದ 340 ಕೋಟಿ ವರ್ಷಗಳಷ್ಟು ಹಳೆಯದು, ನೆಲದಾಳದಲ್ಲಿ ಬೆಂದು, ಹಿಂಡಿಸಿಕೊಂಡು, ಮಡಿಕೆ ಬಿದ್ದದ್ದು. ಅದರೊಳಗೆ ಶಂಖವಾಗಲೀ ಮೂಳೆಯಾಗಲೀ ಇರುವ ಪ್ರಶ್ನೆಯೇ ಇಲ್ಲ.

ಆದರೂ ಬರುತ್ತಲೇ ಇರುತ್ತವೆ. ರಾಮನಗರದ ಕಡೆಯ ಕ್ಲೋಸ್‌ಪೇಟೆ ಗ್ರಾನೈಟಿನ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ‘ಹಲ್ಲು’ ಆಗಿ ಬರುತ್ತವೆ. ಈರುಳ್ಳಿಯಂತೆ ಪದರ ಬಿಟ್ಟು ಉರುಟಾದ ಕಪ್ಪು ಡಾಲರೈಟ್ ಗುಂಡುಗಳು ‘ಡೈನೋಸಾರ್ ಮೊಟ್ಟೆ’ ಆಗುತ್ತವೆ. ಎರೆ ಭೂಮಿಯ ಸುಣ್ಣದ ಗಂಟುಗಳಲ್ಲಿ ಕೆಲವು ಬೇರಿನ ಸುತ್ತ ಬೆಳೆದಿರುತ್ತವೆ, ನಡುವೆ ತೂತು ಬೇರೆ ಇರುತ್ತದೆ, ಹಾಗಾಗಿ ಅವು ‘ಮೂಳೆ’. ಹಳೆಯ ಮನೆ ಕೆಡವುವಾಗ ಎದ್ದ ಶಹಾಬಾದ್ ಚಪ್ಪಡಿಯ ಮೇಲಿನ ಕಪ್ಪು ‘ಜರೀಗಿಡ’ವಂತೂ ತುಂಬ ಜನರನ್ನು ಏಮಾರಿಸಿದೆ. ಅದು ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್. ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ ನಡುನರ ಇರುವುದಿಲ್ಲ, ಎಲೆಯಂಚು ಇರುವುದಿಲ್ಲ, ಕವಲುಗಳೆಲ್ಲ ಚಪ್ಪಡಿಯ ಒಂದು ಅಂಚಿನಿಂದಲೋ ಬಿರುಕಿನಿಂದಲೋ ಹೊರಟಿರುತ್ತವೆ. ನಿಜವಾದ ಪಳೆಯುಳಿಕೆ ನೋಡಬೇಕೆಂದರೆ ಹಳದಿ ಜೈಸಲ್ಮೇರ್ ಕಲ್ಲು ಹಾಸಿದ ನೆಲವನ್ನು ಬಗ್ಗಿ ನೋಡಿ, ಚಿಪ್ಪುಗಳ ಅಡ್ಡಕೊಯ್ತ ಅಲ್ಲಿ ಸಿಗಬಹುದು. ಅದು ಬೆಂಗಳೂರಿನದಲ್ಲ, ಅಷ್ಟೇ.

ಈ ಬರಹದ ವಸ್ತುವಾದ ತುಣುಕಿಗೆ ಊರು ಇತ್ತು. ಹವ್ಯಾಸಕ್ಕೆ ಕಲ್ಲು ಕೂಡಿಡುವವರೊಬ್ಬರು ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಒಡಿಯಂ ಹತ್ತಿರ, ಹೊಲದಲ್ಲಿ ಬಾವಿ ತೋಡಿ ಹಾಕಿದ್ದ ಮಣ್ಣಿನ ರಾಶಿಯಿಂದ, ಹೊಲದವರನ್ನು ಕೇಳಿ ತಂದದ್ದು. ಬೆಂಗಳೂರಿನಿಂದ ಸೇಲಂ ದಾಟಿ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಕಾವೇರಿ ಜಲಾನಯನದ ಕ್ರಿಟೇಷಿಯಸ್ (ಡೈನೋಸಾರ್ ಕಾಲದ ಕೊನೆಯ ಯುಗ) ಸಮುದ್ರದ ಕೆಸರು ಅಲ್ಲಿ ಹೊಲದ ಮಣ್ಣಾಗಿ ಮೇಲೆ ಬಂದಿದೆ. ಹತ್ತಿರದಲ್ಲೇ ಕಾರೈ–ಕುಲಕ್ಕಲ್‌ನತ್ತಂ ನಡುವಿನ ಕೊರಕಲು ನೆಲವಿದೆ. ಅದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಭೂಪರಂಪರೆಯ ತಾಣವಾಗಿ ಗುರುತಿಸಿದೆ, ಅಲ್ಲಿಂದ ಏನನ್ನೂ ಎತ್ತಬಾರದು. ನೋಡಿ, ಚಿತ್ರ ತೆಗೆದು ಬರಬೇಕು.

ಚೀಲದ ಮೇಲಿದ್ದ ಚೀಟಿಯ ಬರಹ: ‘ಬಲಮುರಿ ಶಂಖ, ಕಲ್ಲಾಗಿದೆ.’ ಮೂರೇ ಪದ. ಅದರಲ್ಲಿ ‘ಕಲ್ಲಾಗಿದೆ’ ಎಂಬುದೊಂದೇ ಕೊನೆಗೆ ಸರಿಯಾಗಿ ಉಳಿದದ್ದು.

ಮೊದಲ ತೊಂದರೆ ಎಣ್ಣೆಯದು. ಹೊಳಪು ಬರಲಿ ಅಂತ ತುಣುಕಿಗೆ ಕೊಬ್ಬರಿ ಎಣ್ಣೆ ಸವರಲಾಗಿತ್ತು. ಇದು ಅಪರೂಪವಲ್ಲ, ಕೆಲವರು ವಾರ್ನಿಷ್ ಬಳಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಎಣ್ಣೆ ಇದ್ದರೆ ನೀರು ಹತ್ತುವುದಿಲ್ಲ, ಆಮ್ಲದ ಹನಿ ಜಾರಿ ಹೋಗುತ್ತದೆ, ಬೂದು ಮೈ ಕಂದಾಗಿ ಕಾಣುತ್ತದೆ. ಡಿಸೆಂಬರಿನ ಚಳಿಗೆ ಸಂದುಗಳಲ್ಲಿ ಹೆಪ್ಪುಗಟ್ಟಿದ ಎಣ್ಣೆ ಬಿಳಿ ಖನಿಜದಂತೆಯೇ ಕಾಣುತ್ತದೆ. ಹತ್ತಿಯ ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ, ಒಂದು ಸಲಕ್ಕೆ ಒಂದು ಚದರ ಸೆಂಟಿಮೀಟರಿನಷ್ಟು ಜಾಗ ಒರೆಸಿ, ಕಡ್ಡಿ ಬಣ್ಣ ಹಿಡಿಯುವುದು ನಿಲ್ಲುವವರೆಗೆ ಹೊಸ ಹೊಸ ಕಡ್ಡಿ ತೆಗೆದುಕೊಂಡೆವು. ಅಸಿಟೋನನ್ನು ಮೇಲೆ ಸುರಿಯಬಾರದು, ಸುರಿದರೆ ಎಣ್ಣೆ ಕರಗಿ ಇನ್ನಷ್ಟು ಒಳಕ್ಕೆ ಇಳಿಯುತ್ತದೆ. ಈ ಕೆಲಸ ಬಾಲ್ಕನಿಯಲ್ಲೇ ಆಗಬೇಕು, ಅಡುಗೆಮನೆಯ ಒಲೆಯ ಹತ್ತಿರ ಖಂಡಿತ ಬೇಡ.

ಆಮೇಲೆ ಜೇಡಿ. ಕಾರೈ ಜೇಡಿಶಿಲೆಯ ಗುಣವೇನೆಂದರೆ ಚೆನ್ನಾಗಿ ಒಣಗಿಸಿ ನೀರಿಗೆ ಹಾಕಿದರೆ ತಾನಾಗಿ ಉದುರುತ್ತದೆ. ಒಳ್ಳೆಯದೇ, ಆದರೆ ಪಳೆಯುಳಿಕೆಯ ಒಳಗೂ ಅದೇ ಜೇಡಿ ತುಂಬಿದ್ದರೆ ಇಡೀ ತುಣುಕು ಬಟ್ಟಲ ತಳದಲ್ಲಿ ಕೆಸರಾಗಿ ಕೂರುತ್ತದೆ. ಅದಕ್ಕೇ ಮೊದಲು ಒಡೆದ ತುದಿಯಿಂದ ಕಡಲೆಬೇಳೆಯಷ್ಟು ಚೂರು ತೆಗೆದು ಹತ್ತು ನಿಮಿಷ ನೀರಲ್ಲಿಟ್ಟೆವು. ಅದು ಗಟ್ಟಿಯಾಗಿಯೇ ಉಳಿಯಿತು. ಆಮೇಲೆಯೇ ಪೂರ್ತಿ ತುಣುಕು ನೀರಿಗೆ. ಬೋರ್‌ವೆಲ್ ನೀರು ಬೇಡ. ಬೆಂಗಳೂರಿನ ಬೋರ್‌ವೆಲ್ ನೀರು ಒಣಗಿದಾಗ ಬಿಡುವ ಬಿಳಿ ಸುಣ್ಣದ ಪೊರೆ ಮುಂದೆ ಆಮ್ಲದ ಪರೀಕ್ಷೆಯಲ್ಲಿ ಬುರುಗು ಬಂದು ದಾರಿ ತಪ್ಪಿಸುತ್ತದೆ. ಆರ್‌ಒ ನೀರು ಸಾಕು. ಮೆದು ಹಲ್ಲುಜ್ಜುವ ಬ್ರಷ್, ಮೊನೆ ಮಾಡಿದ ಬಿದಿರುಕಡ್ಡಿ. ಗುಂಡುಸೂಜಿ ಹಿಡಿಯಲಿಲ್ಲ. ಉಕ್ಕು ಕ್ಯಾಲ್ಸೈಟಿಗಿಂತ ಗಟ್ಟಿ, ಅದರ ಒಂದು ಗೀರು ಮುಂದೆ ‘ಅಲಂಕಾರ’ವಾಗಿ ಎಣಿಕೆಗೆ ಸೇರಿಬಿಡುತ್ತದೆ. ಸಂದಿನಲ್ಲಿ ಹೊಳೆಯುತ್ತಿದ್ದ ಚಕ್ಕೆಗಳು ಜಿಪ್ಸಮ್. ಉಗುರಿನಲ್ಲಿ ಗೀರಿದರೆ ಗೀರು ಬೀಳುತ್ತದೆ, ಕಾಗೆಬಂಗಾರದಂತೆ ಬಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಒಡಿಯಂ, ಕಾರೈ ಮಣ್ಣಿನಲ್ಲಿ ಇದು ಮಾಮೂಲು, ಹಾಗಾಗಿ ಸ್ಥಳದ ಮಾತಿಗೆ ಒಂದು ಸಣ್ಣ ಸಾಕ್ಷಿಯೂ ಆಯಿತು.

ತೊಳೆದ ನೀರನ್ನು ಚೆಲ್ಲಲಿಲ್ಲ. ಅದರ ಮಾತು ಆಮೇಲೆ.

ಇನ್ನು ಅಳತೆ. ಎತ್ತರ 58 ಮಿಲಿಮೀಟರ್. ಕೆಳಗಿನ ಒಡೆದ ತುದಿಯಲ್ಲಿ ಅಗಲ 41, ಮೇಲಿನ ಒಡೆದ ತುದಿಯಲ್ಲಿ 17. ತುತ್ತತುದಿ ಇರಲಿಲ್ಲ, ಬಾಯಿಯೂ ಇರಲಿಲ್ಲ. ನಡುವೆ ಮೂರೂವರೆ ಸುತ್ತು. ಕೆಳ ಅಗಲವನ್ನು ಒಂದಕ್ಕೊಂದು ಲಂಬವಾಗಿ ಎರಡು ಕಡೆ ಅಳೆಯಬೇಕು: ನಮ್ಮದು 41 ಮತ್ತು 38.5. ಅಂದರೆ ಮಣ್ಣಿನ ಭಾರಕ್ಕೆ ಕೊಂಚ ಚಪ್ಪಟೆಯಾಗಿದೆ, ತೀರಾ ಅಲ್ಲ. ಈ ಎರಡು ಅಳತೆಗಳಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಶಂಕುವಿನ ಕೋನವನ್ನು ನಂಬುವ ಹಾಗಿಲ್ಲ. ಕೋನ ತೆಗೆಯುವುದು ಸುಲಭ. 41ರಿಂದ 17 ಕಳೆದು ಅರ್ಧ ಮಾಡಿದರೆ 12. ಅದನ್ನು 58ರಿಂದ ಭಾಗಿಸಿದರೆ 0.207, ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಅದರ ವಿಲೋಮ ಟ್ಯಾಂಜೆಂಟ್ ತೆಗೆದು ಎರಡರಿಂದ ಗುಣಿಸಿದರೆ ಸುಮಾರು 23 ಡಿಗ್ರಿ. ಪ್ರೊಟ್ರ್ಯಾಕ್ಟರ್ ಹಿಡಿದು ಕಣ್ಣಂದಾಜಿನಲ್ಲಿ ನೋಡುವುದಕ್ಕಿಂತ ಇದು ವಾಸಿ.

ಸಾಂದ್ರತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣಗಿದ ತೂಕ 103 ಗ್ರಾಂ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ತುಣುಕನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದಾಗ ತಕ್ಕಡಿ ತೋರಿಸಿದ್ದು 38. ಅದೇ ಘನ ಸೆಂಟಿಮೀಟರಿನಲ್ಲಿ ಗಾತ್ರ. 103 ಭಾಗಿಸು 38, ಅಂದರೆ 2.71. ನೋಡಿ, ಕ್ಯಾಲ್ಸೈಟಿನ ಸಾಂದ್ರತೆಯೂ 2.71! ಇಲ್ಲಿ ಕುಣಿದಾಡಬಾರದು. ತಕ್ಕಡಿ ಒಂದು ಗ್ರಾಂ ಆಚೀಚೆಯಾದರೆ ಉತ್ತರ 2.64ರಿಂದ 2.78ರವರೆಗೆ ಓಡಾಡುತ್ತದೆ, ಆ ನಡುವೆ 2.65ರ ಬೆಣಚುಕಲ್ಲೂ ಬರುತ್ತದೆ. ಈ ಪರೀಕ್ಷೆ ಹೇಳಿದ್ದು ಇಷ್ಟೇ: ಇದು ರಾಳದ ಎರಕವಲ್ಲ (ಅದು 1.1ರಿಂದ 1.3ರ ಆಸುಪಾಸು), ಪ್ಲಾಸ್ಟರಲ್ಲ, ಕಬ್ಬಿಣದ ಅದಿರಿನ ಗಂಟೂ ಅಲ್ಲ. ಮೇಳಗಳಲ್ಲಿ ಮಾರಾಟವಾಗುವ ‘ಪಳೆಯುಳಿಕೆ’ಗಳ ಮಟ್ಟಿಗೆ ಇಷ್ಟು ಗೊತ್ತಾದರೂ ಉಪಕಾರ. ಮುಳುಗಿಸಿದಾಗ ಗುಳ್ಳೆ ಏಳುತ್ತಿದ್ದರೆ ಅವು ನಿಲ್ಲುವವರೆಗೆ ಕಾಯಿರಿ, ಇಲ್ಲದಿದ್ದರೆ ಒಳಗಿನ ಗಾಳಿಯೂ ಕಲ್ಲಿನ ಗಾತ್ರಕ್ಕೆ ಸೇರುತ್ತದೆ.

ಆಮ್ಲದ ಪರೀಕ್ಷೆಯನ್ನು ಕೊನೆಗಿಟ್ಟು, ಒಡೆದ ತುದಿಯ ಮೇಲೆ ಮಾತ್ರ ಮಾಡಿದೆವು. ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲ ಎರಡು ಹನಿ. ಚೆನ್ನಾಗಿ ಬುರುಗು ಬಂತು, ಬೇಗ ನಿಂತಿತು, ಕೆಳಗೆ ಕೆಸರಿನ ಕಲೆ ಉಳಿಯಿತು: ಸುಣ್ಣ ಬೆರೆತ ಮಣ್ಣು ಗಟ್ಟಿಯಾದದ್ದು. ಅಡುಗೆಯ ವಿನೆಗರ್ ಸಾಕೆಂದುಕೊಂಡು ಅದನ್ನು ಹಾಕಿ ‘ಬುರುಗು ಬರಲಿಲ್ಲ’ ಎನ್ನುವವರಿದ್ದಾರೆ. ವಿನೆಗರಿಗೆ ಕಲ್ಲನ್ನು ಪುಡಿ ಮಾಡಿ ಕೊಡಬೇಕು, ಮಸೂರದಲ್ಲಿ ನೋಡಬೇಕು. ಪರೀಕ್ಷೆಯಾದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯುವುದನ್ನು ಮರೆಯಬಾರದು. ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಕ್ಕೆ ಈ ಯಾವ ಪರೀಕ್ಷೆಯೂ ಬೇಡ. ಗಂಡಕಿಯ ಆ ಕಪ್ಪು ಗುಂಡುಗಳ ಒಳಗಿನ ಚಕ್ರ ಎಷ್ಟೋ ಸಲ ಅಮೊನೈಟೇ (ಈಗ ಅಳಿದುಹೋಗಿರುವ, ಸುರುಳಿ ಚಿಪ್ಪಿನ ಕಡಲಪ್ರಾಣಿ) ಆಗಿರುತ್ತದೆ, ಬರಿಗಣ್ಣಿಗೇ ಗೊತ್ತಾಗುತ್ತದೆ.

ಇಷ್ಟರಿಂದ ಕೈಯಲ್ಲಿರುವುದು ಚಿಪ್ಪಲ್ಲ, ಚಿಪ್ಪಿನ ಒಳಅಚ್ಚು ಎಂದು ಗೊತ್ತಾಯಿತು. ಸತ್ತ ಪ್ರಾಣಿಯ ಚಿಪ್ಪಿನೊಳಗೆ ಕೆಸರು ತುಂಬಿ ಗಟ್ಟಿಯಾಗಿದೆ, ಚಿಪ್ಪು ಆಮೇಲೆ ಕರಗಿಹೋಗಿದೆ. ಕಡುಬಿನ ಅಚ್ಚು ಬಿಚ್ಚಿದಂತೆ. ಒಳಅಚ್ಚಿನಲ್ಲಿ ಹೊರಮೈಯ ಗಂಟು, ಏಣುಗಳು ಮೊಂಡಾಗಿ ಮೂಡಿರುತ್ತವೆ, ಹೆಸರಿಡುವಾಗ ಇದು ಕಾಡುತ್ತದೆ. ಆದರೆ ಒಳಅಚ್ಚಿನಲ್ಲಿ ಮಾತ್ರ ಸುಲಭವಾಗಿ ಕಾಣುವ ಸಂಗತಿಯೊಂದಿದೆ, ಅದೇ ಇಲ್ಲಿ ನಿರ್ಣಾಯಕವಾಯಿತು.

ಅದಕ್ಕೆ ಮುಂಚೆ ‘ಬಲಮುರಿ’. ನಮ್ಮ ಸಂಪ್ರದಾಯದಲ್ಲಿ ಶಂಖವನ್ನು ನೋಡುವುದು ನೀರು ಸುರಿಯುವ ಮೊನೆಯನ್ನು ಮೇಲಕ್ಕೆ ಮಾಡಿ. ಪ್ರಾಣಿಶಾಸ್ತ್ರದವರು ಸುರುಳಿಯ ತುದಿಯನ್ನು ಮೇಲಕ್ಕೆ ಹಿಡಿದು ಬಾಯಿ ಯಾವ ಕಡೆಗಿದೆ ನೋಡುತ್ತಾರೆ. ಹೀಗಾಗಿ ಪೂಜೆಯ ಬಲಮುರಿ ಶಂಖ ಶಾಸ್ತ್ರದ ಲೆಕ್ಕದಲ್ಲಿ ಎಡಸುರುಳಿ. ಮಾಮೂಲಿ ಶಂಖ ಬಲಸುರುಳಿ. ಚೀಟಿಯಲ್ಲಿ ಬಲಮುರಿ ಅಂತ ಬರೆದರೆ ಓದುವವರು ಯಾವ ಲೆಕ್ಕ ಹಿಡಿಯಬೇಕು? ನಮ್ಮ ತುಣುಕಿಗೆ ಬಾಯಿಯೇ ಇರಲಿಲ್ಲ, ಹಾಗಾಗಿ ಎರಡೂ ಲೆಕ್ಕ ನಡೆಯುವುದಿಲ್ಲ. ಉಪಾಯ ಬಡಗಿಯ ಡಬ್ಬದಲ್ಲಿದೆ: ಒಂದು ಮಾಮೂಲಿ ಸ್ಕ್ರೂ ತೆಗೆದು ಪಕ್ಕದಲ್ಲಿ ನೆಟ್ಟಗೆ ಹಿಡಿಯಿರಿ. ಸುತ್ತುಗಳ ಸಂದು ಸ್ಕ್ರೂವಿನ ಎಳೆಗಳ ಕಡೆಗೇ ಓರೆಯಾಗಿದ್ದರೆ ಬಲಸುರುಳಿ, ಎದುರು ಓರೆಯಾದರೆ ಎಡಸುರುಳಿ. ತಲೆಕೆಳಗು ಮಾಡಿದರೂ ಉತ್ತರ ಬದಲಾಗದು. ನಮ್ಮದು ಎದುರು ಓರೆ, ಎಡಸುರುಳಿ. ಫೋನಿನ ಮುಂಬದಿಯ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಕೆಲವು ಫೋನುಗಳಲ್ಲಿ ಕನ್ನಡಿಯಂತೆ ತಿರುವಾಗಿ ಉಳಿಯುತ್ತದೆ, ಅದನ್ನು ಕಳಿಸಿದರೆ ನೋಡುವವರು ತಪ್ಪು ಸುರುಳಿ ಬರೆದುಕೊಳ್ಳುತ್ತಾರೆ.

ಬಸವನಹುಳು, ಶಂಖಗಳ ಬಳಗದಲ್ಲಿ ಬಹುಪಾಲು ಬಲಸುರುಳಿ. ಎಡಸುರುಳಿ ಕಂಡಾಗ ಅನುಮಾನ ಬರಬೇಕು, ಅನುಮಾನ ಮಾತ್ರ. ಬಸವನಹುಳುಗಳಲ್ಲೂ ಎಡಸುರುಳಿ ಜಾತಿಗಳಿವೆ.

ತೀರ್ಮಾನ ಕೊಡುವುದು ಹೊಲಿಗೆ ಗೆರೆ. ಬಸವನಹುಳುವಿನ ಚಿಪ್ಪು ಸಾಮಾನ್ಯವಾಗಿ ಒಂದೇ ಉದ್ದನೆಯ ಕೊಳವೆ. ಅಮೊನೈಟಿನ ಚಿಪ್ಪು ಕೋಣೆ ಕೋಣೆಯಾಗಿರುತ್ತದೆ. ಕೋಣೆಗಳ ನಡುವಿನ ತೆಳು ಗೋಡೆ ಚಿಪ್ಪಿನ ಒಳಮೈಗೆ ಸೇರುವಲ್ಲಿ ಸೊಟ್ಟಸೊಟ್ಟಾಗಿ, ಕೊತ್ತಂಬರಿ ಎಲೆಯಂಚಿನಂತೆ ಕವಲೊಡೆದ ಗೆರೆ ಬೀಳುತ್ತದೆ. ಒಳಅಚ್ಚಿನ ಮೈಮೇಲೆ ಆ ಗೆರೆ ಕಾಣಬೇಕು. ಒಣಗಿದ್ದಾಗ ನಮಗೆ ಕಂಡಿರಲಿಲ್ಲ. ಸರ್ಜಿಕಲ್ ಸ್ಪಿರಿಟ್ ಸಿಂಪಡಿಸಿ, ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚನ್ನು ಮೇಜಿನ ಮಟ್ಟದಲ್ಲಿ ಹೆಚ್ಚುಕಡಿಮೆ ಅಡ್ಡಲಾಗಿ ಹಿಡಿದಾಗ ಮೇಲಿನ ಎರಡು ಸುತ್ತುಗಳಲ್ಲಿ ಗೆರೆ ಮೂಡಿತು. ಸ್ಪಿರಿಟ್ ಆರುವ ಅರ್ಧ ನಿಮಿಷದಲ್ಲಿ ಅರ್ಧ ಒದ್ದೆ, ಅರ್ಧ ಒಣಗಿದ ಹೊತ್ತೊಂದು ಬರುತ್ತದೆ, ಗೆರೆ ಸ್ಪಷ್ಟವಾಗುವುದು ಆಗ. ಕೆಳಗಿನ ಒಡೆದ ತುದಿಯೂ ಬರೀ ಒಡಕಾಗಿರಲಿಲ್ಲ. ಮಸೂರದಲ್ಲಿ ನೋಡಿದರೆ ಅದು ಒಂದು ಕೋಣೆಯ ಗೋಡೆಯೇ, ಅಂಚಿನಲ್ಲಿ ಸೀರೆಯ ನೆರಿಗೆಯಂತೆ ಮಡಿಚಿಕೊಂಡದ್ದು. ನಡುವೆ ಶಂಖದಲ್ಲಿರುವಂಥ ಗಟ್ಟಿ ಕಂಬವೂ ಇಲ್ಲ.

ಅಲ್ಲಿಗೆ ಶಂಖ ಹೋಯಿತು, ಅಮೊನೈಟ್ ಬಂತು. ಅಮೊನೈಟ್ ಎಂದರೆ ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಸುತ್ತಿಕೊಂಡದ್ದು ಎಂದೇ ಎಲ್ಲರ ಮನಸ್ಸಿನಲ್ಲಿರುವುದರಿಂದ ಗೋಪುರದಂತೆ ಮೇಲೇರಿದ್ದನ್ನು ಯಾರೂ ಆ ಖಾನೆಗೆ ಹಾಕುವುದಿಲ್ಲ. ಫೋನಿನ ಗುರುತು ಹೇಳುವ ಆ್ಯಪ್‌ಗಳೂ ಇಲ್ಲಿಯೇ ಎಡವುತ್ತವೆ. ಅವು ನೋಡುವುದು ಆಕಾರವನ್ನು. ಹೊಲಿಗೆ ಗೆರೆ, ಒಡೆದ ಮೈ ಅವುಗಳ ಕಣ್ಣಿಗೆ ಬೀಳುವ ಹಾಗೆ ನಾವು ಚಿತ್ರ ತೆಗೆದಿರುವುದಿಲ್ಲ. ಇನ್ನೊಂದು ಮಾತು: ತುಣುಕು ಪೂರ್ತಿ ಕೊನೆಯ ಕೋಣೆಯದ್ದೇ, ಅಂದರೆ ಪ್ರಾಣಿ ವಾಸವಿದ್ದ ಭಾಗದ್ದೇ ಆಗಿದ್ದರೆ ಅದರಲ್ಲಿ ಗೋಡೆಗಳೇ ಇರುವುದಿಲ್ಲ, ಗೆರೆಯೂ ಬರುವುದಿಲ್ಲ. ಗೆರೆ ಇಲ್ಲ ಎಂಬುದು ಅಮೊನೈಟ್ ಅಲ್ಲ ಎಂಬುದಕ್ಕೆ ಪುರಾವೆಯಾಗದು.

ಗೋಪುರದ ಅಮೊನೈಟುಗಳಲ್ಲಿ ಯಾವುದು? ಇಲ್ಲಿಂದ ಮೈಮೇಲಿನ ಅಲಂಕಾರದ ಲೆಕ್ಕ. ಅದನ್ನು ಸರಿಯಾಗಿ ನೋಡಲು ತುಣುಕಿನ ಬಣ್ಣವನ್ನು ಮರೆಮಾಡಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರವೇ ಇದಕ್ಕೂ ಬೇಕು. ಗಾಜಿನ ನಳಿಕೆಯಲ್ಲಿ ಚಿಟಿಕೆ ನವಸಾಗರ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರೆ ಅದು ಕರಗದೆ ನೇರವಾಗಿ ಬಿಳಿ ಹೊಗೆಯಾಗುತ್ತದೆ. ರಬ್ಬರ್ ಬಲ್ಬಿನಿಂದ ಮೆಲ್ಲಗೆ ಊದಿ ತುಣುಕಿನ ಮೇಲೆ ಹಾಯಿಸಿದರೆ ರಂಗೋಲಿ ಹಿಟ್ಟಿಗಿಂತ ನಯವಾದ ಲೇಪ ಕೂರುತ್ತದೆ. ಹೊಗೆ ಗಂಟಲು ಕೆರೆಯುತ್ತದೆ, ಬಯಲಲ್ಲೇ ಮಾಡಿ. ನಳಿಕೆ ಒಳಗೆ ತೇವವಿದ್ದರೆ ಹನಿಯೊಂದು ಹಾರಿ ತುಣುಕಿನ ಮೇಲೆ ಬಿದ್ದು ಗುಂಡಿ ಬಿದ್ದಂತೆ ಕಾಣುತ್ತದೆ, ಆದ್ದರಿಂದ ನಳಿಕೆಯನ್ನು ಮೊದಲು ಖಾಲಿಯಾಗಿ ಕಾಯಿಸಬೇಕು. ಮಳೆಗಾಲದ ಸಂಜೆ ಮಾಡಿದ ಮೊದಲ ಲೇಪ ಐದು ನಿಮಿಷದಲ್ಲಿ ತೇವ ಹೀರಿ ಚುಕ್ಕೆ ಚುಕ್ಕೆಯಾಯಿತು. ಮರುದಿನ ಬಿಸಿಲೇರಿದ ಮೇಲೆ ಮಾಡಿದ್ದು ಸರಿಬಂತು. ಚಿತ್ರ ತೆಗೆದ ಕೂಡಲೇ ತೊಳೆದುಬಿಡಬೇಕು, ತೇವದಲ್ಲಿ ಅದು ಆಮ್ಲೀಯವಾಗಿ ಸುಣ್ಣವನ್ನು ತಿನ್ನುತ್ತದೆ. ಬೆಳಕು ಎಡ ಮೇಲ್ಮೂಲೆಯಿಂದ ಬರಬೇಕು. ಪಳೆಯುಳಿಕೆಗಳ ಚಿತ್ರಗಳಲ್ಲಿ ಇದೇ ರೂಢಿ, ಬೇರೆ ಕಡೆಯಿಂದ ಬೆಳಕು ಬಿಟ್ಟರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ. ಅಳತೆಪಟ್ಟಿಯನ್ನು ಮೇಜಿನ ಮೇಲೆ ಮಲಗಿಸದೆ ತುಣುಕಿನ ನಡುಮಟ್ಟಕ್ಕೆ ಎತ್ತರಿಸಿ ಇಡಬೇಕು, ಇಲ್ಲದಿದ್ದರೆ ಚಿತ್ರದಿಂದ ತೆಗೆದ ಅಳತೆ ಹಿಗ್ಗುತ್ತದೆ.

ಬಿಳಿ ಲೇಪದಲ್ಲಿ ಕಂಡದ್ದು: ಪ್ರತಿ ಸುತ್ತಿನ ಮೇಲ್ಭಾಗದಲ್ಲಿ ನೆಟ್ಟನೆಯ ದಪ್ಪ ಏಣುಗಳು, ಏಣು ನಿಂತ ಮೇಲೆ ಸಣ್ಣ ಅಂತರ, ಅದರ ಕೆಳಗೆ ಗಂಟುಗಳ ಒಂದು ಸಾಲು, ಇನ್ನೂ ಕೆಳಗಿನದು ಮುಂದಿನ ಸುತ್ತು ಬಂದು ಅದುಮಿದ ಅಂಚಿನಲ್ಲಿ ಅಲ್ಲಲ್ಲಿ ಇಣುಕುತ್ತದೆ. ಕೊನೆಯ ಅರ್ಧ ಸುತ್ತಿನಲ್ಲಿ ಹತ್ತು ಏಣು. ಎಣಿಸುವಾಗ ಮೊದಲ ಏಣಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಡದಿದ್ದರೆ ಒಮ್ಮೆ ಹತ್ತು, ಒಮ್ಮೆ ಹನ್ನೊಂದು ಬರುತ್ತಲೇ ಇರುತ್ತದೆ.

ಈಗ ಒಬ್ಬೊಬ್ಬರನ್ನೇ ಹೊರಗೆ ಕಳಿಸುವ ಕೆಲಸ. ಮೇರಿಯೆಲ್ಲ ಎಂಬ ಕುಲದಲ್ಲಿ ನಾಲ್ಕು ಸಾಲು ಗಂಟುಗಳು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ. ಇಲ್ಲಿ ಮೇಲ್ಭಾಗ ಏಣಿನದ್ದು, ಹಾಗಾಗಿ ಅದಲ್ಲ. ಹೈಪೋಟರ್ರಿಲೈಟಿಸ್‌ನಲ್ಲಿ ಮೇಲೆ ದಪ್ಪ ದಪ್ಪ ಗಂಟುಗಳ ಸಾಲು, ಕೆಳಗೆ ಚಿಕ್ಕವು, ಅದೂ ಅಲ್ಲ. ಉಳಿದದ್ದು ಟರ್ರಿಲೈಟಿಸ್. 1801ರಲ್ಲಿ ಲಾಮಾರ್ಕ್ ಇಟ್ಟ ಹೆಸರು. ಅದರೊಳಗೆ ಟರ್ರಿಲೈಟಿಸ್ ಶೂಕ್ಸೆರಿಯಾನಸ್‌ನಲ್ಲಿ ಏಣು ತುಂಡಾಗದೆ ಸುತ್ತಿನ ಉದ್ದಕ್ಕೂ ಇಳಿಯುತ್ತದೆ. ಅಕ್ಯುಟಸ್‌ನಲ್ಲಿ ಉದ್ದ ಏಣಿನ ಬದಲು ಮೇಲೆಯೂ ಮೊನಚು ಗಂಟುಗಳೇ. ಏಣು, ಅಂತರ, ಗಂಟು ಎಂಬ ಈ ಜೋಡಣೆ ಕಾಸ್ಟೇಟಸ್‌ನದು.

ಹೋಲಿಕೆಗೆ ನಾವು ನೋಡಿದ್ದು 1860ರ ದಶಕದಲ್ಲಿ ಫರ್ಡಿನೆಂಡ್ ಸ್ಟೊಲಿಚ್ಕಾ ದಕ್ಷಿಣ ಭಾರತದ ಕ್ರಿಟೇಷಿಯಸ್ ಅಮೊನೈಟುಗಳ ಬಗ್ಗೆ ಸರ್ವೇಕ್ಷಣೆಗಾಗಿ ಬರೆದ ವಿವರಣೆ ಮತ್ತು ಕಲ್ಲಚ್ಚಿನ ಚಿತ್ರಗಳನ್ನು. ಒಡಿಯಂ ಹೆಸರು ಅದರಲ್ಲೇ ಇದೆ. ಈ ಚಿತ್ರಗಳನ್ನು ನೋಡುವಾಗ ಮೂರು ಎಚ್ಚರ ಬೇಕು. ಅಂದಿನ ಹೆಸರುಗಳಲ್ಲಿ ಬಹಳಷ್ಟು ಈಗ ಬದಲಾಗಿವೆ. ಆಗ ‘ಅಮೊನೈಟಿಸ್’ ಎಂಬ ಒಂದೇ ಕುಲದಲ್ಲಿದ್ದವು ಈಗ ಹತ್ತಾರು ಕುಲಗಳಿಗೆ ಹಂಚಿಹೋಗಿವೆ. ಕಲಾವಿದರು ಒಡೆದ ಭಾಗವನ್ನು ತುಂಬಿ ಚೆಂದ ಮಾಡುವ ರೂಢಿ ಆ ಕಾಲದಲ್ಲಿತ್ತು. ಮತ್ತೆ ಕಲ್ಲಿನ ಮೇಲೆ ನೇರವಾಗಿ ಬರೆದದ್ದು ಕಾಗದದಲ್ಲಿ ತಿರುವಾಗಿ ಮೂಡುವುದರಿಂದ, ಹಳೆಯ ಚಿತ್ರದಲ್ಲಿ ಸುರುಳಿಯ ದಿಕ್ಕನ್ನು ಪಠ್ಯ ಓದದೆ ನಂಬುವಂತಿಲ್ಲ. ಅಂದ ಹಾಗೆ, ಈ ಪ್ರದೇಶದ ಪಳೆಯುಳಿಕೆಗಳು ವಿದ್ವಾಂಸರ ಕೈಗೆ ಸಿಕ್ಕಿದ್ದೂ ಹವ್ಯಾಸಿಗಳಿಂದಲೇ. 1840ರ ಹೊತ್ತಿಗೆ ಕೇ ಮತ್ತು ಕನ್ಲಿಫ್ ಕೂಡಿಟ್ಟದ್ದನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವಿವರಿಸಿದರು. ಭೂವಿಜ್ಞಾನಿ ಬ್ಲಾನ್‌ಫೋರ್ಡ್ ಉಟ್ಟತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಎಂದು ಪದರಗಳನ್ನು ವಿಂಗಡಿಸಿದ್ದು ಅದಾದ ಮೇಲೆ.

ಹಾಗಾದರೆ ಚೀಟಿಯಲ್ಲಿ ‘ಟರ್ರಿಲೈಟಿಸ್ ಕಾಸ್ಟೇಟಸ್’ ಅಂತ ಬರೆಯಬಹುದೇ? ಬರೆಯಲಿಲ್ಲ. ‘ಟರ್ರಿಲೈಟಿಸ್ ಸಿಎಫ್. ಕಾಸ್ಟೇಟಸ್’ ಎಂದು ಬರೆದೆವು. ಹೆಸರಿನ ನಡುವೆ ಬರುವ ಆ ‘ಸಿಎಫ್.’ ಲ್ಯಾಟಿನ್ ಪದದ ಮೊಟಕು, ‘ಇದರೊಡನೆ ಹೋಲಿಸಿ ನೋಡಿ’ ಎಂದರ್ಥ: ಆ ಪ್ರಭೇದವೇ ಇರಬೇಕು, ಆದರೆ ತುಣುಕು ಪೂರ್ತಿ ಸಾಕ್ಷಿ ಹೇಳುತ್ತಿಲ್ಲ. ಅದರ ಬದಲು ‘ಅಫ್.’ ಎಂದು ಬರೆದರೆ ಆ ಪ್ರಭೇದಕ್ಕೆ ಹತ್ತಿರದ್ದು, ಆದರೆ ಬೇರೆಯದೇ ಎಂದಾಗುತ್ತದೆ. ಬರೀ ‘ಎಸ್‌ಪಿ.’ ಎಂದರೆ ಕುಲ ಮಾತ್ರ ಗೊತ್ತು. ಹವ್ಯಾಸಿಗಳ ಪೆಟ್ಟಿಗೆಗಳಲ್ಲಿ ನಮಗೆ ಹೆಚ್ಚು ಕಾಣುವ ತಪ್ಪು ತಪ್ಪು ಹೆಸರಲ್ಲ, ತುಣುಕಿಗೆ ಮೀರಿದ ಹೆಸರು. ಇಲ್ಲಿ ‘ಸಿಎಫ್.’ಗೆ ಕಾರಣ ಎರಡು. ಒಳಅಚ್ಚಾದ್ದರಿಂದ ಗಂಟುಗಳ ನಿಜವಾದ ಮೊನಚು ಗೊತ್ತಿಲ್ಲ, ಅಕ್ಯುಟಸ್‌ನಿಂದ ಬೇರ್ಪಡಿಸುವಾಗ ಅದೇ ಮುಖ್ಯ. ಎರಡನೆಯದು, ಕೆಳಗಿನ ಗಂಟುಗಳ ಸಾಲು ಒಂದು ಮಗ್ಗುಲಲ್ಲಿ ಸವೆದಿದೆ, ಇನ್ನೊಂದು ಮಗ್ಗುಲಲ್ಲಿ ಗಟ್ಟಿ ಮಣ್ಣಿನಡಿ ಇದೆ. ಆ ಮಣ್ಣನ್ನು ಕೆರೆದು ನೋಡಬಹುದಿತ್ತು. ಆದರೆ ಅಲ್ಲಿ ಮಣ್ಣೂ ಅಚ್ಚೂ ಒಂದೇ ಗಟ್ಟಿತನದವು. ಕೆರೆದರೆ ಗಂಟು ಸಿಗುವುದೋ, ಗಂಟನ್ನೇ ಕಡೆದು ಮಾಡುತ್ತೇವೋ ಹೇಳಲಾಗದು. ಬಿಟ್ಟೆವು.

ಕಾಸ್ಟೇಟಸ್ ಸೆನೊಮೇನಿಯನ್ ಕಾಲದ ನಡುಭಾಗದ ಗುರುತಾಗಿ ಹೆಸರಾದದ್ದು. ಸೆನೊಮೇನಿಯನ್ ಎಂದರೆ 10.05 ಕೋಟಿಯಿಂದ 9.39 ಕೋಟಿ ವರ್ಷಗಳ ಹಿಂದಿನ ಅವಧಿ, ಒಡಿಯಂ ಸುತ್ತಲಿನ ಕಾರೈ ಪದರಗಳಿಗೆ ಇದು ಹೊಂದುತ್ತದೆ. ಹೊಂದುತ್ತದೆ ಎಂಬ ಮಾತನ್ನೂ ಎಳೆದಾಡಬಾರದು. ತುಣುಕು ಸಿಕ್ಕಿದ್ದು ಬಾವಿಯಿಂದ ಎತ್ತಿ ಹಾಕಿದ ರಾಶಿಯಲ್ಲಿ. ಯಾವ ಆಳದ್ದು ಗೊತ್ತಿಲ್ಲ. ಪದರದಿಂದ ಪಳೆಯುಳಿಕೆಯ ವಯಸ್ಸು, ಪಳೆಯುಳಿಕೆಯಿಂದ ಪದರದ ವಯಸ್ಸು ಎಂದು ಸುತ್ತು ಹೊಡೆಯಲು ಶುರುಮಾಡಿದರೆ ಎರಡೂ ಕಡೆ ನೆಲ ಇರುವುದಿಲ್ಲ.

ಒಂದು ವೇಳೆ ಬೇರೆಯವರ ಕಣ್ಣು ಬೇಕಾದರೆ ಬೆಂಗಳೂರಿನಲ್ಲಿ ಬಾಗಿಲುಗಳಿವೆ: ಕುಮಾರಸ್ವಾಮಿ ಬಡಾವಣೆಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿ, ಜ್ಞಾನಭಾರತಿಯಲ್ಲಿರುವ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ. ಕಲ್ಲಾದ ಮರ, ಎಲೆ, ಪರಾಗಗಳ ವಿಷಯವಾದರೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ. ಕಲ್ಲನ್ನು ಪಾರ್ಸೆಲ್ ಮಾಡಬೇಡಿ. ಮುಂದೆ, ಹಿಂದೆ, ಎರಡು ಪಕ್ಕ, ಮೇಲಿನಿಂದ, ಒಡೆದ ಮೈ ಹೀಗೆ ಆರು ಚಿತ್ರ, ಪ್ರತಿಯೊಂದರಲ್ಲೂ ಅಳತೆಪಟ್ಟಿ, ಜೊತೆಗೆ ಸಿಕ್ಕ ಸ್ಥಳ, ನೀವು ಯಾವುದನ್ನು ಯಾವ ಕಾರಣಕ್ಕೆ ಹೊರಗಿಟ್ಟಿರಿ ಎಂಬ ನಾಲ್ಕು ಸಾಲು. ‘ಇದಕ್ಕೆ ಎಷ್ಟು ಬೆಲೆ ಬರುತ್ತದೆ’ ಎಂಬ ಐದನೆಯ ಸಾಲು ಸೇರಿಸಿದರೆ ಉತ್ತರ ಬರುವ ಸಂಭವ ಕಡಿಮೆ.

ಸಂಖ್ಯೆ ಬರೆಯಲು ತುಣುಕಿನ ಅಲಂಕಾರವಿಲ್ಲದ ಜಾಗದಲ್ಲಿ ಬಣ್ಣವಿಲ್ಲದ ಉಗುರುಬಣ್ಣದ ಒಂದು ಪಟ್ಟಿ, ಒಣಗಿದ ಮೇಲೆ ಅದರ ಮೇಲೆ ಕಪ್ಪು ಇಂಡಿಯನ್ ಇಂಕು, ಮತ್ತೆ ಮೇಲೊಂದು ಪಟ್ಟಿ. ಬೇಡವಾದಾಗ ಅಸಿಟೋನಿನಲ್ಲಿ ಎದ್ದುಬರುತ್ತದೆ. ಒಡೆದದ್ದನ್ನು ಅಂಟಿಸಬೇಕಿದ್ದರೂ ಇದೇ ನಿಯಮ, ಬಿಚ್ಚಲು ಬರುವ ಅಂಟು ಮಾತ್ರ. ಕ್ಷಣದಲ್ಲಿ ಹಿಡಿಯುವ ಸೈನೋಅಕ್ರಿಲೇಟ್ ಬೇಡ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದೆವು, ಜೆಲ್ ಪೆನ್ನಿನ ಶಾಯಿ ಒಂದು ಮಳೆಗಾಲದ ತೇವಕ್ಕೇ ಹರಡುತ್ತದೆ. ಅಕ್ಷಾಂಶ, ರೇಖಾಂಶ ಐದು ದಶಮಾಂಶದವರೆಗೆ, ತಂದ ದಿನಾಂಕ, ‘ಬಾವಿ ತೋಡಿದ ಮಣ್ಣಿನ ರಾಶಿ, ಪದರದಲ್ಲಿ ಕಂಡದ್ದಲ್ಲ’ ಎಂಬ ಮಾತು, ‘ಕೊಬ್ಬರಿ ಎಣ್ಣೆ ಹಚ್ಚಿ, ಅಸಿಟೋನಿನಿಂದ ತೆಗೆದದ್ದು’ ಎಂಬ ಮಾತು. ಮುಂದೆ ಯಾರಾದರೂ ರಾಸಾಯನಿಕ ಪರೀಕ್ಷೆ ಮಾಡಿದರೆ ಆ ಕೊನೆಯ ಸಾಲು ಅವರಿಗೆ ಬೇಕು. ‘ಬಲಮುರಿ ಶಂಖ’ ಎಂಬ ಮೂಲ ಚೀಟಿಯನ್ನು ಎಸೆಯದೆ ಹಿಂದಕ್ಕೆ ಸೇರಿಸಿದೆವು.

ಇನ್ನು ತೊಳೆದ ನೀರು. ಒಂದು ರಾತ್ರಿ ಹಾಗೇ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿ, ತಳದ ಕೆಸರನ್ನು ನೆರಳಲ್ಲಿ ಒಣಗಿಸಿದಾಗ ಎರಡು ಚಮಚದಷ್ಟು ಬೂದು ಪುಡಿ ಉಳಿಯಿತು. ಸಮುದ್ರದ ಇಂಥ ಜೇಡಿಯಲ್ಲಿ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಚಿಪ್ಪುಗಳು ಇರಬಹುದು. ಇದ್ದರೆ, ಆ ಬಾವಿಯ ಯಾವ ಆಳದಿಂದ ತುಣುಕು ಬಂತೆಂಬುದಕ್ಕೆ ಅಮೊನೈಟಿಗಿಂತ ಹತ್ತಿರದ ಉತ್ತರ ಅದರಲ್ಲೇ ಸಿಗಬಹುದು. ಅದನ್ನು ಮಾತ್ರೆ ಡಬ್ಬಿಯೊಂದರಲ್ಲಿ ತುಂಬಿ, ಮುಚ್ಚಳಕ್ಕೂ ಡಬ್ಬಿಗೂ ತುಣುಕಿನ ಸಂಖ್ಯೆಯನ್ನೇ ಬರೆದು, ಅದೇ ಪೆಟ್ಟಿಗೆಯಲ್ಲಿ ಪಕ್ಕಕ್ಕೆ ಇಟ್ಟಿದೆ.